ಪದ ಪರಿಚಯ: ಮಂಜೂರು

ದಾವಣಗೆರೆಯ ಜಯದೇವ ವೃತ್ತದಲ್ಲಿ ಫ್ಲೆಕ್ಸ್ ಕಟ್ಟೋಕೆ ಜಾಗ ಸಿಗುತ್ತಿಲ್ಲ ಅಂದರೆ ಬಜೆಟ್ ಈಗಷ್ಟೇ ಮುಗಿದಿದೆ ಅಂತ ತಿಳಿಯಬಹುದು. ಇಷ್ಟು ಕೋಟಿ 'ಮಂಜೂರು ಮಾಡಿಸಿದ' ನಾಯಕರಿಗೆ ಹೃತ್ಪೂರ್ವಕ ಅಭಿನಂದನೆಗಳು. ಓದಿದವರು ದುಡ್ಡು ಬಂದೇಬಿಟ್ಟಿತು ಅಂದುಕೊಳ್ಳುತ್ತಾರೆ. ಮಳೆಗಾಲ ಕಳೆದು, ಗುಂಡಿ ಹಾಗೇ ಇದ್ದಾಗ ಅದೇ ಜನ 'ಆ ದುಡ್ಡು ಯಾರು ತಿಂದ್ರು?' ಅನ್ನುತ್ತಾರೆ. ತಿನ್ನುವವರು ಇಲ್ಲವೆಂದಲ್ಲ. ಆದರೆ ಎಷ್ಟೋ ಸಲ ತಿನ್ನೋಕಾದರೂ ದುಡ್ಡು ಖಜಾನೆ ಬಿಟ್ಟು ಹೊರಗೆ ಬಂದಿರಬೇಕಲ್ಲ!

ಮಂಜೂರು ಅರಬ್ಬಿ ಮೂಲದ ಮಾತು, ಫಾರಸಿಯ ಕೈಹಿಡಿದು ನಮ್ಮ ಕಚೇರಿಗಳಿಗೆ ಬಂತು. ಆದಿಲ್‌ಶಾಹಿಯಿಂದ ಹೈದರ್–ಟಿಪ್ಪು ಕಾಲದವರೆಗೆ ಈ ಸೀಮೆಯ ದಫ್ತರಗಳಲ್ಲಿ ನೆಲೆಯಾದ ತಹಶೀಲ್ದಾರ್, ಖಜಾನೆ, ದರಖಾಸ್ತುಗಳ ಬಳಗದ್ದೇ ಇದು. 'ನಜರ್' ಅಂದರೆ ನೋಟ. ನಜರ್‌ಬಂದಿಯಲ್ಲಿರುವುದೂ ಅದೇ ನಜರ್. ಅದರಿಂದ ಆದ 'ಮಂಜೂರ್' ಅಂದರೆ ನೋಡಲಾದದ್ದು. ದೊಡ್ಡವರ ಕಣ್ಣಿಗೆ ಬಿದ್ದು ಒಪ್ಪಿಗೆಯಾದದ್ದು. ಅಷ್ಟೇ. ಕಣ್ಣಿನ ಕೆಲಸ ಮುಗಿದಿದೆ, ಕೈ ಇನ್ನೂ ಜೇಬಿಗೆ ಹೋಗಿಲ್ಲ. ಒಪ್ಪದಿದ್ದರೆ ನಾಮಂಜೂರು. ಕೊಟ್ಟದ್ದು, ತಲುಪಿದ್ದು ಎಂಬ ಅರ್ಥ ಈ ಪದದ ಹೊಟ್ಟೆಯಲ್ಲಿ ಎಲ್ಲೂ ಇಲ್ಲ.

ಬೇಸರ ತರುವ ಸಂಗತಿ ಅಂದರೆ, ಬೇರೆ ಕಡೆಯೆಲ್ಲ ಇದೇ ಪದವನ್ನು ನಾವು ಸರಿಯಾಗಿಯೇ ಬಳಸುತ್ತೇವೆ. 'ಜಾಮೀನು ಮಂಜೂರಾದರೂ ಬಿಡುಗಡೆ ಭಾಗ್ಯ ಇಲ್ಲ' ಎಂಬ ಶೀರ್ಷಿಕೆ ಓದಿ ಯಾರೂ ತಬ್ಬಿಬ್ಬಾಗುವುದಿಲ್ಲ. ಶ್ಯೂರಿಟಿ ಕೊಡಬೇಕು, ಆದೇಶ ಜೈಲು ಮುಟ್ಟಬೇಕು, ಆಮೇಲೆ ಬಾಗಿಲು ತೆಗೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ಜಗಳೂರಿನಲ್ಲೋ ಚಳ್ಳಕೆರೆಯಲ್ಲೋ, ಅಪ್ಪಣೆಯಿಲ್ಲದೆ ಉಳುತ್ತಾ ಬಂದ ಸರ್ಕಾರಿ ಜಮೀನಿಗೆ ಬಗರ್‌ಹುಕುಂ ಅರ್ಜಿ ಹಾಕಿದ ರೈತನಿಗೆ ಜಮೀನು ಮಂಜೂರಾಯಿತು ಅಂದರೆ ಅವನು ಕೇಳುವ ಮರುಪ್ರಶ್ನೆ 'ಸಾಗುವಳಿ ಚೀಟಿ ಯಾವಾಗ ಕೊಡ್ತೀರಿ ಸ್ವಾಮಿ?' ಪಹಣಿಯಲ್ಲಿ ಹೆಸರು ಕೂರುವ ತನಕ ಅವನಿಗೆ ನಿದ್ದೆ ಇಲ್ಲ. ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿ ಪಟ್ಟಿಯಲ್ಲಿ 'ಮಂಜೂರಾದ ಹುದ್ದೆ', 'ಭರ್ತಿ', 'ಖಾಲಿ' ಅಂತ ಮೂರು ಕಾಲಂ ಇರುವುದೂ ಇದಕ್ಕೇ. ಕೋಟಿಯ ಲೆಕ್ಕ ಬಂದ ಕೂಡಲೇ ಈ ಬುದ್ಧಿಯೆಲ್ಲ ಎಲ್ಲಿ ಹೋಗುತ್ತದೋ.

ಬಜೆಟ್ಟಿನ ದುಡ್ಡಿನ ದಾರಿ ಹೀಗೆ. ಜಿಎಸ್‌ಟಿಯ ರಾಜ್ಯದ ಪಾಲು, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ, ಕೇಂದ್ರ ಹಂಚುವ ತೆರಿಗೆ ಪಾಲು, ತಂದ ಸಾಲ, ಎಲ್ಲ ಸೇರುವುದು ರಾಜ್ಯದ ಸಂಚಿತ ನಿಧಿಗೆ. ಅಲ್ಲಿ ಬಿದ್ದ ರೂಪಾಯಿಗೆ ಊರಿನ ಹೆಸರು ಇರುವುದಿಲ್ಲ; 'ನಮ್ಮ ಜಿಲ್ಲೆಯ ತೆರಿಗೆ ನಮ್ಮ ಜಿಲ್ಲೆಗೇ' ಎನ್ನುವುದು ಭಾಷಣಕ್ಕೆ ಚೆಂದ. ಶಾಸನಸಭೆ ಇಲಾಖಾವಾರು ಬೇಡಿಕೆಗಳಿಗೆ ಮತ ಕೊಟ್ಟು, ಧನವಿನಿಯೋಗ ವಿಧೇಯಕ ಪಾಸು ಮಾಡದೆ ಆ ನಿಧಿಯಿಂದ ಪೈಸೆ ತೆಗೆಯುವಂತಿಲ್ಲ; ಸಂವಿಧಾನದ 203, 204ನೇ ವಿಧಿಗಳು ಹೇಳುವುದು ಇದನ್ನೇ. ಅಷ್ಟಾದರೂ ಅದು ಖರ್ಚಿಗೆ ಹಾಕಿದ ಗರಿಷ್ಠ ಮಿತಿ ಮಾತ್ರ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ಎಂಬುದೂ ಅಂದಾಜೇ. ತೆರಿಗೆ ಅಂದುಕೊಂಡಷ್ಟು ಬರದಿದ್ದರೆ ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸುವ ಹಾಗಿಲ್ಲ. ಕಾಯುವುದು ನಿಮ್ಮ ಓಣಿಯ ಚರಂಡಿ.

ಇನ್ನು ಫ್ಲೆಕ್ಸಿನವರು ವಾಟ್ಸಾಪಿನಲ್ಲಿ ಹಂಚುವ ಆ ಸರ್ಕಾರಿ ಆದೇಶ. ಅದನ್ನು ಕೊನೆತನಕ ಓದುವವರು ಕಡಿಮೆ. ಮೇಲೆ 'ಓದಲಾಗಿದೆ', ಆಮೇಲೆ 'ಪ್ರಸ್ತಾವನೆ', ಕೊನೆಗೆ 'ಆಡಳಿತಾತ್ಮಕ ಅನುಮೋದನೆ ನೀಡಿ ಆದೇಶಿಸಿದೆ'. ಅದರ ಕೆಳಗೆ, ಈ ವೆಚ್ಚವನ್ನು ಯಾವ ಲೆಕ್ಕಶೀರ್ಷಿಕೆಯಡಿ (ಬಜೆಟ್ಟಿನಲ್ಲಿ ಆ ಬಗೆಯ ಖರ್ಚಿನ ಖಾತೆ ಸಂಖ್ಯೆ) ಭರಿಸಬೇಕು ಎಂಬ ಸಾಲು. ಅಲ್ಲಿ 5054 ಅಂತಿದ್ದರೆ ರಸ್ತೆ–ಸೇತುವೆಗಳ ಬಂಡವಾಳ ವೆಚ್ಚ. 3054 ಆದರೆ ಅದೇ ರಸ್ತೆಗಳ ನಿರ್ವಹಣೆ. ನನ್ನ ಪ್ರಕಾರ ಇಡೀ ಕಾಗದದಲ್ಲಿ ಕಣ್ಣಿಡಬೇಕಾದ ಸಾಲು ಅದೊಂದೇ: ಆ ಶೀರ್ಷಿಕೆಯಲ್ಲಿ ಈ ವರ್ಷ ಎಷ್ಟು ಇಟ್ಟಿದ್ದಾರೆ, ಅದರ ಮೇಲೆ ಈಗಾಗಲೇ ಎಷ್ಟು ಕಾಮಗಾರಿ ಹೇರಿದ್ದಾರೆ? ಆಮೇಲೆ ತಾಂತ್ರಿಕ ಮಂಜೂರಾತಿ (ಇನ್ನೊಂದು ಮಂಜೂರು!), ಟೆಂಡರ್, ಕಾರ್ಯಾದೇಶ, ಅಳತೆ, ಬಿಲ್ಲು. ಗುತ್ತಿಗೆದಾರರು ಮಾತ್ರ ಈ ಪದಕ್ಕೆ ಮೋಸ ಹೋಗುವುದಿಲ್ಲ. ಅವರು ಕೇಳುವುದು 'ಎಲ್‌ಒಸಿ ಬಂತಾ?' ಅಂತ. ಅಂದರೆ ಬಿಲ್ಲು ಪಾವತಿಗೆ ಹಣ ಬಿಡುವ ಪತ್ರ, ಲೆಟರ್ ಆಫ್ ಕ್ರೆಡಿಟ್.

ಈ ಸೀಮೆಗೆ ಈ ಪಾಠ ಕಲಿಸಲು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯೊಂದೇ ಸಾಕು. 2023ರ ಫೆಬ್ರುವರಿ 1ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಭಾಷಣದಲ್ಲಿ ಯೋಜನೆಗೆ 5,300 ಕೋಟಿ ನೆರವು ಕೊಡಲಾಗುವುದು ಎಂದರು. 'ಕೊಡಲಾಗುವುದು' ಎಂಬುದು ಭವಿಷ್ಯತ್ಕಾಲ ಅಂತ ಮಿಡ್ಲ್ ಸ್ಕೂಲಿನಲ್ಲೇ ಕಲಿತಿದ್ದೇವೆ. ಆದರೂ ಹೊಸದುರ್ಗದಿಂದ ಜಗಳೂರಿನವರೆಗೆ ಮಾತು ಹಬ್ಬಿದ್ದು '5,300 ಕೋಟಿ ಮಂಜೂರಾಯ್ತು' ಅಂತಲೇ. ಕೇಂದ್ರದಿಂದ ಆ ಹಣ ಬರಲೇ ಇಲ್ಲ ಎಂದು ಮರುವರ್ಷದ ರಾಜ್ಯ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ದೂರಿದರು. ಘೋಷಣೆ, ಮಂಜೂರಾತಿ, ಬಿಡುಗಡೆ, ಈ ಮೂರರಲ್ಲಿ ಆಗಿದ್ದು ಮೊದಲನೆಯದು. ಪಟಾಕಿ ಹೊಡೆದದ್ದು ಮೂರನೆಯದಕ್ಕೆ.

ಬಿಡುಗಡೆ ಎಂಬುದನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಣಕಾಸು ಇಲಾಖೆ ಸಂಬಂಧಪಟ್ಟ ಇಲಾಖೆಗೆ ಬಿಟ್ಟದ್ದೂ ಬಿಡುಗಡೆಯೇ, ಕೆಲಸ ಮಾಡಿದವನ ಖಾತೆಗೆ ಬಿದ್ದದ್ದೂ ಬಿಡುಗಡೆಯೇ. ಶಾಸನಸಭೆ ಮತ ಕೊಟ್ಟ ಮೊತ್ತದಲ್ಲಿ ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದದ್ದು ವ್ಯಪಗತ, ಕಚೇರಿ ಭಾಷೆಯಲ್ಲಿ 'ಲ್ಯಾಪ್ಸ್'. ಆಗ ಕಾಮಗಾರಿ ಸಾಯುವುದಿಲ್ಲ, 'ಮುಂದುವರಿದ ಕಾಮಗಾರಿ' ಎಂಬ ಹೆಸರಿನಲ್ಲಿ ಮುಂದಿನ ವರ್ಷದ ಪಟ್ಟಿಗೆ ಸೇರುತ್ತದೆ. ಅದಕ್ಕೆ ಮತ್ತೆ ಹಣ ಇಡುತ್ತಾರೆ, ಮತ್ತೆ ಸುದ್ದಿಯಾಗುತ್ತದೆ, ಅದೇ ರಸ್ತೆಗೆ ಎರಡನೇ ಫ್ಲೆಕ್ಸೂ ಏಳುತ್ತದೆ. ಎರಡೂ ಮೊತ್ತ ಕೂಡಿಸಿ 'ನಮ್ಮ ಕ್ಷೇತ್ರಕ್ಕೆ ಇಷ್ಟು ಬಂತು' ಅಂತ ಲೆಕ್ಕ ಹೇಳುವವರು ಸಿಕ್ಕರೆ, ಎರಡೂ ಆದೇಶದಲ್ಲಿರುವ ಕಾಮಗಾರಿಯ ಹೆಸರು ಒಂದೇನಾ ಅಂತ ಮೊದಲು ನೋಡಿ.