ಸಬ್‌ವೂಫರನ್ನು ಸೋಫಾ ಮೇಲೆ ಕೂರಿಸಿ ನೋಡಿ

ಮನೆಯ ಮ್ಯೂಸಿಕ್ ಸಿಸ್ಟಂ ಬಗ್ಗೆ ನನಗೆ ಬರುವ ದೂರು ಹೆಚ್ಚಾಗಿ ಎರಡೇ ಥರ. ಒಂದು, 'ಹಾಲ್‌ನಲ್ಲಿ ಬೇಸ್ ಗುಂಯ್ ಅಂತದೆ'. ಇನ್ನೊಂದು, 'ಅಡುಗೆಮನೇಲಿ ಬೇಸೇ ಇಲ್ಲ'. ಬಹಳ ಸಲ ಎರಡೂ ಒಂದೇ ಮನೆಯಿಂದ ಬರುತ್ತವೆ.

ಹೋದ ತಿಂಗಳು ನೋಡಿದ ಡ್ಯೂಪ್ಲೆಕ್ಸ್ ಮನೆಯಲ್ಲೂ ಅದೇ ಕಥೆ. ಹಾಲ್, ಅಡುಗೆಮನೆ, ಬೆಡ್‌ರೂಮ್, ಬಾಲ್ಕನಿ ಸೇರಿ ನಾಲ್ಕು ಜೋನ್, ಅಂದರೆ ಸದ್ದನ್ನು ಬೇರೆಬೇರೆಯಾಗಿ ಹೊಂದಿಸಬಹುದಾದ ಜಾಗ. ನಾಲ್ಕರಲ್ಲೂ ಬೇಸ್ ಪ್ಲಸ್ 6ಕ್ಕೆ ಏರಿಸಿಟ್ಟಿದ್ದರು. ಅಡುಗೆಮನೆಯ ಸೀಲಿಂಗ್‌ನಲ್ಲಿ ಇದ್ದದ್ದು ಆರೂವರೆ ಇಂಚಿನ ಸ್ಪೀಕರ್. ತೀರಾ ಕೆಳಗಿನ ಸದ್ದು ಹೊರಡಿಸುವ ತಾಕತ್ತು ಅದಕ್ಕಿಲ್ಲ. 6 ಡೆಸಿಬಲ್ ಏರಿಸಿದರೆ ಬೇಸ್ ಭಾಗಕ್ಕೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಪವರ್ ಕೊಡಬೇಕು. ಕೋನ್ ಸುಮ್ನೆ ಹಿಂದೆ ಮುಂದೆ ಒದ್ದಾಡುತ್ತದೆ, ಹಾಡುವವರ ದನಿ ಗೊಗ್ಗರಾಗುತ್ತದೆ. ಅಲ್ಲಿ ಬೇಸ್ ಸೊನ್ನೆಗೆ ತಂದೆ, 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದೆ. ಚಿಮಣಿ ಸದ್ದಿನ ಮಧ್ಯೆ ಮಾತು ಕೇಳಿಸಲಿ ಅಂತ ಟ್ರೆಬಲ್ 2 ಏರಿಸಿದೆ. ಅಷ್ಟೇ.

ಬೆಡ್‌ರೂಮ್‌ನ ತೊಂದರೆ ಬೇರೆ. ಸದ್ದು ಸಣ್ಣದಾದಂತೆ ನಮ್ಮ ಕಿವಿಗೆ ಬೇಸ್ ಇನ್ನೂ ಕಮ್ಮಿ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದರು. ಹಾಗಾಗಿ ರಾತ್ರಿ ಮೆಲ್ಲಗೆ ಕೇಳುವ ಜೋನ್‌ಗೆ ಬೇಸ್ ನಾಬ್ ಏರಿಸುವುದಕ್ಕಿಂತ, ಸಣ್ಣ ಸದ್ದಿನಲ್ಲಿ ಬೇಸ್ ಎತ್ತಿ ಕೊಡುವ ಲೌಡ್‌ನೆಸ್ ಬಟನ್ ವಾಸಿ. ಒಳ್ಳೆ ಆಂಪ್ಲಿಫೈಯರ್‌ನಲ್ಲಿ ವಾಲ್ಯೂಮ್ ಏರಿಸಿದಂತೆ ಆ ಎತ್ತುವಿಕೆ ತಾನೇ ಇಳಿಯುತ್ತದೆ. ಬೇಸ್ ನಾಬ್‌ಗೆ ಆ ಬುದ್ಧಿ ಇಲ್ಲ!

ಇನ್ನು ಹಾಲ್. ಎಷ್ಟೋ ರಿಸೀವರ್‌ಗಳಲ್ಲಿ (ಸ್ಪೀಕರ್‌ಗಳನ್ನು ನಡೆಸುವ ಮುಖ್ಯ ಪೆಟ್ಟಿಗೆ) ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಸ್ಪೀಕರ್, ದುಡಿಯುವುದು ಈ ಮುಖ್ಯ ಜೋನ್‌ಗೆ ಮಾತ್ರ. ಇಲ್ಲಿ ಸಬ್ ಮೂಲೆಯಲ್ಲಿತ್ತು, ಕೋಣೆಯ ಉದ್ದ 17 ಅಡಿ. ಅಷ್ಟು ಉದ್ದಕ್ಕೆ ಸುಮಾರು 33 ಹರ್ಟ್ಸ್ ಹತ್ತಿರ ಗೋಡೆಗೋಡೆ ನಡುವೆ ಸದ್ದು ಕಟ್ಟಿಕೊಳ್ಳುತ್ತದೆ. ಮೂಲೆಯಲ್ಲಿ ಇಟ್ಟರೆ ಅದು ಇನ್ನೂ ಜಾಸ್ತಿ. ಬೇಸ್ ಇಳಿಸಿದರೆ ಆ ಗುಂಯ್ ಜೊತೆಗೆ ಬೇಕಾದ ಸದ್ದೂ ಹೋಗುತ್ತದೆ.

ಅದಕ್ಕೇ ಮೊದಲು ಜಾಗ ಹುಡುಕಬೇಕು. ಸಬ್‌ವೂಫರನ್ನು ಎತ್ತಿ ಸೋಫಾ ಮೇಲೆ, ನೀವು ಕೂರುವ ಜಾಗದಲ್ಲೇ ಇಟ್ಟೆ. ಬೇಸ್ ಇರುವ ಹಾಡು ಹಚ್ಚಿ ಗೋಡೆ ಪಕ್ಕ ಮೊಣಕಾಲೂರಿ ಅಂಬೆಗಾಲಿಟ್ಟೆ. ಮನೆಯ ಅಜ್ಜಿ ನಕ್ಕೇ ನಕ್ಕರು. ಟಿವಿ ಸ್ಟ್ಯಾಂಡಿನ ಎಡಕ್ಕೆ ಬಂದಾಗ ಡಗ್ಗಾದ ಪೆಟ್ಟು ಒಂದೊಂದಾಗಿ ಬಿಡಿಸಿ ಕೇಳಿಸಿತು. ಸಬ್‌ಗೆ ಅದೇ ಜಾಗ.

ಕ್ರಾಸ್‌ಓವರ್, ಅಂದರೆ ಯಾವ ಹರ್ಟ್ಸ್ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ, ರಿಸೀವರ್‌ನಲ್ಲಿ 80ಕ್ಕೆ ಇಟ್ಟು, ಸಬ್‌ನ ಹಿಂದಿನ ಕ್ರಾಸ್‌ಓವರ್ ನಾಬ್ ಪೂರ್ತಿ ಮೇಲಕ್ಕೆ ತಿರುಗಿಸಿದೆ. ಇಲ್ಲದಿದ್ದರೆ ಎರಡೆರಡು ಸಲ ಸೋಸಿದ ಹಾಗೆ. ಆಮೇಲೆ ಫೇಸ್, ಅಂದರೆ ಸಬ್ ಮತ್ತು ಸ್ಪೀಕರ್ ಒಟ್ಟಿಗೆ ತಳ್ಳುವಂತೆ ಹೊಂದಿಸುವ ಸ್ವಿಚ್. 80 ಹರ್ಟ್ಸ್ ಸುತ್ತ ಸಬ್, ಸ್ಪೀಕರ್ ಎರಡೂ ಹಾಡುತ್ತವೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಬೇಸ್ ಮಾಯ. 80 ಹರ್ಟ್ಸ್ ಟೋನ್ ಹಚ್ಚಿ, ಸ್ವಿಚ್‌ನ 0 ಮತ್ತು 180ರಲ್ಲಿ ಯಾವುದು ಜೋರೋ ಅದಕ್ಕೇ ಇಡಿ. ಕೇಳುವವರು ಸೋಫಾದಲ್ಲೇ ಕೂತಿರಬೇಕು, ಅಲ್ವಾ? ಶುರುವಿನ ದಿನಗಳಲ್ಲಿ ನಾನು ಸಬ್ ಪಕ್ಕ ನಿಂತು ಸ್ವಿಚ್ ಒತ್ತಿ ಬಂದು, ಮರುದಿನ ಮತ್ತೆ ಹೋಗಿದ್ದುಂಟು.

ಲೆವೆಲ್, ಅಂದರೆ ಸಬ್‌ನ ಸದ್ದು ಎಷ್ಟು ಜೋರಿರಬೇಕು ಅನ್ನುವುದು, ಕೊನೆಗೆ. ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾದರೆ ಇನ್ನೂ ಸ್ವಲ್ಪ ಇಳಿಸಬೇಕು. ಲೆವೆಲ್ ನಾಬ್ ಪಕ್ಕ ವೈಟ್ನರ್‌ನಲ್ಲಿ ಒಂದು ಚುಕ್ಕೆ ಇಟ್ಟು ಬಂದೆ. ಅವರ ಮಗ ತಿರುಗಿಸುತ್ತಾನೆ, ಗೊತ್ತು. ಚುಕ್ಕೆಗೆ ವಾಪಸ್ ತಂದರೆ ಸಾಕು.