ಇಲ್ಲದ ಗ್ರಂಥಕ್ಕೆ ಇತಿಹಾಸ ಕಟ್ಟಿದ ಬಗೆ: ನೆಕ್ರೊನಾಮಿಕನ್ ಕುರಿತು ಅಧ್ಯಯನ ಟಿಪ್ಪಣಿ

ವಿಜಯಪುರದಲ್ಲಿ ಹಸ್ತಪ್ರತಿಶಾಸ್ತ್ರ ಮತ್ತು ಗ್ರಂಥಾಲಯ ವಿಜ್ಞಾನವನ್ನು ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಇಲ್ಲದ ಮಾಂತ್ರಿಕ ಗ್ರಂಥವೊಂದನ್ನು ಜನ ನಿಜವೆಂದು ನಂಬುವಂತೆ ಮಾಡಿದ್ದು ಅದರೊಳಗಿನ ಮಂತ್ರಗಳಲ್ಲ, ಅದರ ಸುತ್ತ ಕಟ್ಟಿದ ಗ್ರಂಥಸೂಚಿಯ ವಿವರಗಳು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ 1920ರ ದಶಕದಲ್ಲಿ ತನ್ನ ಭಯಾನಕ ಕಥೆಗಳಿಗಾಗಿ ‘ನೆಕ್ರೊನಾಮಿಕನ್’ ಎಂಬ ಗ್ರಂಥವನ್ನು ಕಲ್ಪಿಸಿಕೊಂಡನು. 1927ರಲ್ಲಿ ಬರೆದು, ಅವನು ತೀರಿಕೊಂಡ ಮರುವರ್ಷ 1938ರಲ್ಲಿ ಅಚ್ಚಾದ ಒಂದು ಕಿರುಬರಹದಲ್ಲಿ ಅದಕ್ಕೊಂದು ಚರಿತ್ರೆಯನ್ನೂ ಕೊಟ್ಟನು. ಅದರ ಪ್ರಕಾರ, ಅಬ್ದುಲ್ ಅಲ್‌ಹಜ್ರೆಡ್ ಎಂಬ ಅರಬ್ ಕವಿ ಕ್ರಿ.ಶ. 730ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಬರೆದ ಈ ಕೃತಿ 950ರಲ್ಲಿ ಗ್ರೀಕಿಗೂ 1228ರಲ್ಲಿ ಓಲಾಸ್ ವರ್ಮಿಯಸ್‌ನಿಂದ ಲ್ಯಾಟಿನ್‌ಗೂ ಅನುವಾದಗೊಂಡಿತು. 1232ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಅದನ್ನು ನಿಷೇಧಿಸಿದನಂತೆ. ಗ್ರೆಗರಿ ಆ ವರ್ಷ ನಿಜವಾಗಿಯೂ ಪೋಪ್ ಆಗಿದ್ದನು. ಪ್ರತಿಗಳಿವೆಯೆಂದು ಹೇಳಿದ ಬ್ರಿಟಿಷ್ ಮ್ಯೂಸಿಯಂ, ಹಾರ್ವರ್ಡ್ ಮತ್ತು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯಗಳೂ ನಿಜವಾದವುಗಳೇ. ಅವುಗಳ ಸಾಲಿನಲ್ಲಿ ಕಲ್ಪಿತ ಮಿಸ್ಕಟಾನಿಕ್ ವಿಶ್ವವಿದ್ಯಾಲಯವೂ ಸೇರಿಕೊಂಡಿದೆ. ನಿಷೇಧದ ಮಾತು ಎಲ್ಲಕ್ಕಿಂತ ಜಾಣತನದ್ದು, ಏಕೆಂದರೆ ಗ್ರಂಥ ಎಲ್ಲಿಯೂ ಸಿಗದಿರುವುದೇ ಅದು ಇತ್ತೆಂಬುದಕ್ಕೆ ಸಾಕ್ಷಿಯಂತೆ ತೋರತೊಡಗುತ್ತದೆ. ಆದರೆ ಅನುವಾದಕನ ಹೆಸರನ್ನು ಪರಿಶೀಲಿಸಿದರೆ ಕಟ್ಟಡ ಬಿರುಕು ಬಿಡುತ್ತದೆ: ಆ ಹೆಸರಿನ ಡೇನಿಷ್ ವೈದ್ಯ ಬದುಕಿದ್ದು 1588ರಿಂದ 1654ರವರೆಗೆ.

ಕ್ಲಾರ್ಕ್ ಆ್ಯಷ್ಟನ್ ಸ್ಮಿತ್, ರಾಬರ್ಟ್ ಬ್ಲಾಕ್ ಮೊದಲಾದ ಲವ್‌ಕ್ರಾಫ್ಟ್‌ನ ಕಥೆಗಾರ ಸ್ನೇಹಿತರು ತಮ್ಮವೇ ಕಲ್ಪಿತ ಗ್ರಂಥಗಳನ್ನು ಸೃಷ್ಟಿಸಿದರು. ಒಬ್ಬರ ಕಥೆಯ ಗ್ರಂಥವನ್ನು ಇನ್ನೊಬ್ಬರು ತಮ್ಮ ಕಥೆಯಲ್ಲಿ ಉಲ್ಲೇಖಿಸಿದರು. ಓದುಗನಿಗೆ ಇವರೆಲ್ಲ ಬೇರೆಬೇರೆ ಸಾಕ್ಷಿಗಳಂತೆ ಕಂಡರೂ ಮೂಲ ಒಂದೇ ಗೆಳೆಯರ ಬಳಗ. ವಿಚಾರಿಸಿ ಪತ್ರ ಬರೆದವರಿಗೆ ಲವ್‌ಕ್ರಾಫ್ಟ್ ಅದು ಕೇವಲ ಕಲ್ಪನೆಯೆಂದು ಉತ್ತರಿಸಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು. ಅವನನ್ನು ವಂಚಕನೆನ್ನುವುದು ಅನ್ಯಾಯ.

ಇದಕ್ಕೆ ಎದುರಾಗಿ ನಮ್ಮ ಊರಿನದೇ ಒಂದು ಕೃತಿಯನ್ನು ಇಟ್ಟು ನೋಡಬೇಕು. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ, ವಿಜಯಪುರದಲ್ಲಿ ಸಿದ್ಧವಾದ ‘ನುಜೂಮ್-ಉಲ್-ಉಲೂಮ್’ ಎಂಬ ಪಾರಸಿ ಹಸ್ತಪ್ರತಿಯಲ್ಲಿ ಜ್ಯೋತಿಷ್ಯವಿದೆ, ತಾಯತ-ಯಂತ್ರಗಳಿವೆ, ಯೋಗಿನಿಯರ ಚಿತ್ರಗಳೂ ಇವೆ. ಕಥೆಗಾರನ ಕಲ್ಪನೆಗಿಂತ ವಿಚಿತ್ರವೆನಿಸಿದರೂ ಅದು ನಿಜವಾದ ಗ್ರಂಥ. ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಅದರ ಕಾಗದವನ್ನು, ಬಣ್ಣವನ್ನು, ಬರವಣಿಗೆಯನ್ನು ಯಾವ ವಿದ್ವಾಂಸನಾದರೂ ಪರೀಕ್ಷಿಸಬಹುದು. ವಿಜಯಪುರದ ಆಸಾರ್ ಮಹಲಿನಿಂದ 19ನೆಯ ಶತಮಾನದಲ್ಲಿ ಲಂಡನ್ನಿಗೆ ಸಾಗಿದ ಹಸ್ತಪ್ರತಿಗಳ ಜಾಡನ್ನೂ ಹೀಗೆಯೇ ಹಿಡಿಯಬಹುದು. ನೆಕ್ರೊನಾಮಿಕನ್‌ಗೆ ಲವ್‌ಕ್ರಾಫ್ಟ್‌ಗಿಂತ ಹಿಂದಿನ ಒಂದು ಹಾಳೆಯೂ ಇಲ್ಲ, ಒಂದು ಉಲ್ಲೇಖವೂ ಇಲ್ಲ.

ಮುಂದೆ ಆ ಹೆಸರಿನ ಪುಸ್ತಕಗಳು ಅಂಗಡಿಗೇ ಬಂದವು. 1973ರ ಆವೃತ್ತಿಯೊಂದು ಓದಲಾಗದ ಲಿಪಿಯ ಪುಟಗಳನ್ನು ಮತ್ತೆ ಮತ್ತೆ ಅಚ್ಚಿಸಿ ದಪ್ಪವಾಯಿತು. 1977ರಲ್ಲಿ ‘ಸೈಮನ್’ ಎಂಬ ಹೆಸರಿನಲ್ಲಿ ಬಂದದ್ದು ಸುಮೇರಿಯದ ದೇವತೆಗಳನ್ನು ಲವ್‌ಕ್ರಾಫ್ಟ್‌ನ ಹೆಸರುಗಳೊಂದಿಗೆ ಬೆರೆಸಿ, ಪ್ರಾಚೀನ ಹಸ್ತಪ್ರತಿಯ ಅನುವಾದವೆಂದು ಹೇಳಿಕೊಂಡಿತು; ಅದನ್ನು ಮುಂದಿಟ್ಟುಕೊಂಡು ಪೂಜಾವಿಧಿ ನಡೆಸುವವರೂ ಹುಟ್ಟಿಕೊಂಡರು. ಇಂಥ ಪುಸ್ತಕ ನಮ್ಮ ಗ್ರಂಥಾಲಯಕ್ಕೆ ಬಂದರೆ ಸೂಚಿಪತ್ರದಲ್ಲಿ ಕರ್ತೃವಿನ ಜಾಗಕ್ಕೆ ಅಲ್‌ಹಜ್ರೆಡ್‌ನನ್ನು ತರದೆ ‘ಸೈಮನ್’ ಎಂಬ ಗುಪ್ತನಾಮವನ್ನೂ, ಕಾಲದ ಜಾಗದಲ್ಲಿ 730ರ ಬದಲು 1977ನ್ನೂ ನಮೂದಿಸಿ, ಪ್ರಾಚೀನತೆಯ ಮಾತನ್ನು ಪ್ರಕಾಶಕರ ಹೇಳಿಕೆಯೆಂದು ಷರಾದಲ್ಲಿ ಮಾತ್ರ ಬರೆಯತಕ್ಕದ್ದು.