ಕೂಲರ್‌ಗೆ ಕಿಟಕಿ ತೆಗೆಯಿರಿ, ಎಸಿಗೆ ಮುಚ್ಚಿ: ವೆಟ್ ಬಲ್ಬ್ ಟಿಪ್ಪಣಿ

ಡಿಪ್ಲೊಮಾದಲ್ಲಿ ರೆಫ್ರಿಜರೇಶನ್ ಪೇಪರ್ ಓದುತ್ತಿರುವವರಿಗೆ ಈ ಟಿಪ್ಪಣಿ. ಕಂಪ್ರೆಸರ್, ಕಂಡೆನ್ಸರ್ ಸುತ್ತು ಎಲ್ಲರಿಗೂ ಗೊತ್ತಿರುತ್ತದೆ ಅಂತ ಬಿಟ್ಟಿದ್ದೇನೆ. ತಲೆ ತಿನ್ನುವುದು ಸೈಕ್ರೋಮೆಟ್ರಿ, ಅಂದರೆ ಗಾಳಿ ಮತ್ತು ಅದರಲ್ಲಿನ ತೇವದ ಲೆಕ್ಕ, ಅದರಲ್ಲೂ ವೆಟ್ ಬಲ್ಬ್ ಟೆಂಪರೇಚರ್, ಅಂದರೆ ಡಬ್ಲ್ಯೂಬಿಟಿ. ಅದೊಂದು ತಲೆಯಲ್ಲಿ ಕೂತರೆ ಏರ್ ಕೂಲರ್ ಕಲಬುರಗಿಯಲ್ಲಿ ಯಾಕೆ ನಡೆಯುತ್ತದೆ, ಮಂಗಳೂರಿನಲ್ಲಿ ಯಾಕೆ ದುಡ್ಡು ದಂಡ ಅನ್ನುವುದು ತಾನಾಗೇ ಬರುತ್ತದೆ.

ಒದ್ದೆ ಬಟ್ಟೆ ಎಲ್ಲಿ ನಿಲ್ಲುತ್ತದೆ?

ತೇವ ಅಳೆಯಲು ಕೈಯಲ್ಲಿ ಹಿಡಿದು ತಿರುಗಿಸುವ ಸ್ಲಿಂಗ್ ಸೈಕ್ರೋಮೀಟರ್‌ನಲ್ಲಿ ಎರಡು ಥರ್ಮಾಮೀಟರ್. ಒಂದರ ಬುಡಕ್ಕೆ ಹತ್ತಿ ಬಟ್ಟೆ ಸುತ್ತಿರುತ್ತದೆ. ಬಟ್ಟೆ ಒದ್ದೆ ಮಾಡಿ ಗಿರಗಿರ ತಿರುಗಿಸಿ. ಗಾಳಿ 40 ಡಿಗ್ರಿ ಇದ್ದರೆ ಒಣ ಥರ್ಮಾಮೀಟರ್ 40ರಲ್ಲೇ ಇರುತ್ತದೆ, ಒದ್ದೆಯದು ಇಳಿಯುತ್ತದೆ. ಮೊದಲು ಸರಸರ, ಆಮೇಲೆ ನಿಧಾನ, ಕೊನೆಗೆ ನಿಂತೇಬಿಡುತ್ತದೆ. ಇನ್ನೆಷ್ಟು ತಿರುಗಿಸಿದರೂ ಕದಲುವುದಿಲ್ಲ. ಆ ನಿಂತ ಅಂಕಿಯೇ ಡಬ್ಲ್ಯೂಬಿಟಿ. ಒಣ ಥರ್ಮಾಮೀಟರ್ ತೋರಿಸುವುದು ಡ್ರೈ ಬಲ್ಬ್ ಟೆಂಪರೇಚರ್, ಡಿಬಿಟಿ.

ಇಳಿಯುವುದು ಯಾಕೆ ಅನ್ನುವುದು ಸುಲಭ. ನೀರು ಆವಿಯಾಗಲು ಶಾಖ ಬೇಕು, ಅದನ್ನು ಬಟ್ಟೆಯಿಂದಲೇ ಎಳೆದುಕೊಳ್ಳುತ್ತದೆ. ಮಡಕೆ ನೀರು ತಣ್ಣಗಾಗುವುದೂ ಹೀಗೇ. ಕಾಡುವ ಪ್ರಶ್ನೆ ಬೇರೆ: ನಿಲ್ಲುವುದು ಯಾಕೆ? ಬಟ್ಟೆಯಲ್ಲಿ ನೀರಿದೆ, ಗಾಳಿ ಬೀಸುತ್ತಿದೆ, ಆವಿಯೂ ಆಗುತ್ತಲೇ ಇದೆ. ಹಾಗಾದರೆ ಇಳಿಯುತ್ತಲೇ ಹೋಗಬೇಕಲ್ವಾ?

ಬಟ್ಟೆಗೆ ಶಾಖ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ನೋಡಿ. ಬಟ್ಟೆ 40ರಲ್ಲಿದ್ದಾಗ ಸುತ್ತಲ ಗಾಳಿಯೂ 40. ಗಾಳಿಯಿಂದ ಬಟ್ಟೆಗೆ ಏನೂ ಬರುವುದಿಲ್ಲ, ಆವಿಯ ಜೊತೆ ಹೋಗುವುದು ಮಾತ್ರ. ಅದಕ್ಕೇ ಸರಸರ ಇಳಿಯುತ್ತದೆ. ಬಟ್ಟೆ 30ಕ್ಕೆ ಬಂದಾಗ ಗಾಳಿ ಅದಕ್ಕಿಂತ 10 ಡಿಗ್ರಿ ಬಿಸಿ. ಈಗ ಗಾಳಿಯ ಶಾಖ ಬಟ್ಟೆಗೆ ಹರಿಯುತ್ತದೆ. ತಣ್ಣಗಾದ ನೀರು ಮೊದಲಿನಷ್ಟು ಜೋರಾಗಿ ಆವಿಯೂ ಆಗುವುದಿಲ್ಲ. ಬರುವುದು ಏರುತ್ತಾ, ಹೋಗುವುದು ಇಳಿಯುತ್ತಾ, ಎರಡೂ ಸಮ ಆದ ಕಡೆ ಪಾದರಸ ನಿಲ್ಲುತ್ತದೆ. ಆವಿಯಾಗುವುದು ನಿಂತಿಲ್ಲ, ಗಮನಿಸಿ. ಲೆಕ್ಕ ಸಮ ಆಗಿದೆ ಅಷ್ಟೇ. ವೈವಾದಲ್ಲಿ ಕೇಳುವುದೇ ಇದನ್ನು.

ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ ಇದ್ದರೆ ಆವಿಯಾಗುವುದೇ ಕಡಿಮೆ, ಬೇಗ ಸಮ ಆಗಿಬಿಡುತ್ತದೆ. ತೇವಾಂಶ 100% ಇದ್ದರೆ ಎರಡು ಥರ್ಮಾಮೀಟರೂ ಒಂದೇ ಅಂಕಿ ತೋರಿಸುತ್ತವೆ. ಡ್ಯೂ ಪಾಯಿಂಟ್ ಜೊತೆ ಇದನ್ನು ಕಲಸಬೇಡಿ. ಅಲ್ಲಿ ಗಾಳಿಗೆ ನೀರು ಸೇರಿಸುವುದಿಲ್ಲ, ತೇವ ಹನಿಗಟ್ಟಲು ಶುರುವಾಗುವವರೆಗೆ ಸುಮ್ನೆ ತಣ್ಣಗೆ ಮಾಡುತ್ತಾ ಹೋಗುತ್ತೇವೆ. 40 ಡಿಗ್ರಿ, 20% ತೇವಾಂಶದ ಗಾಳಿಗೆ ಡಬ್ಲ್ಯೂಬಿಟಿ ಸುಮಾರು 22.2, ಡ್ಯೂ ಪಾಯಿಂಟ್ ಸುಮಾರು 13.

ಎರಡು ಊರಿನ ಲೆಕ್ಕ

ಕೂಲರ್‌ನಲ್ಲಿರುವುದು ಇದೇ ಒದ್ದೆ ಬಟ್ಟೆ, ಪ್ಯಾಡ್ ರೂಪದಲ್ಲಿ. ಪ್ಯಾಡ್ ದಾಟಿದ ಗಾಳಿ ಡಬ್ಲ್ಯೂಬಿಟಿಗಿಂತ ಕೆಳಗೆ ಇಳಿಯಲಾರದು, ಪೂರ್ತಿ ಅಲ್ಲಿಗೂ ತಲುಪುವುದಿಲ್ಲ. ಎಷ್ಟು ಹತ್ತಿರ ಹೋಗುತ್ತದೆ ಅನ್ನುವುದೇ ಪ್ಯಾಡಿನ ಎಫಿಶಿಯೆನ್ಸಿ. ಒಳ್ಳೆ ಹನಿಕೋಂಬ್ ಪ್ಯಾಡಿಗೆ 80% ಹಿಡಿಯಿರಿ.

ಹೊರಬರುವ ಗಾಳಿ = ಡಿಬಿಟಿ − 0.8 × (ಡಿಬಿಟಿ − ಡಬ್ಲ್ಯೂಬಿಟಿ)

ಕಲಬುರಗಿಯ ಬೇಸಿಗೆ ಮಧ್ಯಾಹ್ನಕ್ಕೆ 40 ಡಿಗ್ರಿ, 20% ಇಟ್ಟುಕೊಳ್ಳಿ. 40 − 0.8 × 17.8, ಅಂದರೆ ಸುಮಾರು 26. ತೇವಾಂಶ 74% ಆಸುಪಾಸು. ಫ್ಯಾನ್ ಗಾಳಿಯೂ ಮೈಗೆ ತಾಗುವುದರಿಂದ ಆರಾಮ. ಮಂಗಳೂರಿಗೆ 33 ಡಿಗ್ರಿ, 70%. ಡಬ್ಲ್ಯೂಬಿಟಿಯೇ 28.4. ಹೊರಬರುವ ಗಾಳಿ 29.3, ತೇವಾಂಶ 93%. ಇಳಿದದ್ದು ನಾಲ್ಕು ಡಿಗ್ರಿಯೂ ಇಲ್ಲ, ಬೆವರು ಒಣಗುವುದೂ ನಿಧಾನವಾಯಿತು. ಅಲ್ಲಿ ಬರೀ ಫ್ಯಾನೇ ವಾಸಿ.

ಲೀಟರ್ ಲೆಕ್ಕ

ನನಗೆ ಬಹಳ ಇಷ್ಟವಾದ ಅಡ್ಡದಾರಿ ಇದು. 30 ಡಿಗ್ರಿ ಹತ್ತಿರ 1 ಕೆಜಿ ನೀರು ಆವಿಯಾಗಲು ಸುಮಾರು 2,430 ಕಿಲೋಜೌಲ್ ಬೇಕು. 1 ಯೂನಿಟ್ (ಕಿಲೋವ್ಯಾಟ್-ಅವರ್) ಅಂದರೆ 3,600 ಕಿಲೋಜೌಲ್, ಅದರಿಂದ ಭಾಗಿಸಿ, 0.675 ಬರುತ್ತದೆ. ಅಂದರೆ 1 ಲೀಟರ್ ನೀರು ಆವಿಯಾದರೆ ಗಾಳಿಯಿಂದ ಮೂರರಲ್ಲಿ ಎರಡು ಯೂನಿಟ್‌ನಷ್ಟು ಶಾಖ ಎಳೆದಂತೆ.

ಎಸಿ ಶಾಖ ಎಳೆಯುವ ಸಾಮರ್ಥ್ಯವನ್ನು ಟನ್‌ನಲ್ಲಿ ಹೇಳುತ್ತಾರೆ: 1 ಟನ್ ಅಂದರೆ 3.517 ಕಿಲೋವ್ಯಾಟ್, 1.5 ಟನ್‌ಗೆ 5.28. ಗಂಟೆಗೆ 8 ಲೀಟರ್ ಕುಡಿಯುವ ಕೂಲರ್ ಗಾಳಿಯಿಂದ ಎಳೆಯುವ ಶಾಖ 5.4 ಕಿಲೋವ್ಯಾಟ್. ಅರೆ, ಇದು 1.5 ಟನ್ ಎಸಿಗೆ ಸಮ ಅಲ್ವಾ ಅನಿಸುತ್ತದೆ. ಅಲ್ಲ. ಅದರಲ್ಲಿ ಬಹುಪಾಲು ಹೊರಗಿನ 40ರ ಗಾಳಿಯನ್ನು 30ಕ್ಕೆ ತರಲೇ ಖರ್ಚಾಯಿತು. ಕೋಣೆಯನ್ನು 30ರಲ್ಲಿ ಇಡಬೇಕಾದರೆ 26ರಿಂದ 30ರವರೆಗಿನ ನಾಲ್ಕು ಡಿಗ್ರಿ ಮಾತ್ರ ನಮ್ಮ ಪಾಲು.

ಇನ್ನೊಂದು ಮಾತು. ಎಳೆದ ಶಾಖ ಎಲ್ಲೂ ಹೋಗಿಲ್ಲ, ಆವಿಯೊಳಗೆ ಕೂತಿದೆ. ಸೈಕ್ರೋಮೆಟ್ರಿಕ್ ಚಾರ್ಟಿನಲ್ಲಿ ಡಬ್ಲ್ಯೂಬಿಟಿ ಗೆರೆ ಹಿಡಿದು ಎಡಕ್ಕೆ ಮೇಲೇರುವುದು ಇದನ್ನೇ. ಎಂಥಾಲ್ಪಿ, ಅಂದರೆ ಗಾಳಿ ಮತ್ತು ಆವಿಯ ಒಟ್ಟು ಶಾಖ, ಹೆಚ್ಚುಕಡಿಮೆ ಬದಲಾಗುವುದಿಲ್ಲ. ಆ ಆವಿ ಹೊರಗೆ ಹೋಗಬೇಕು, ಒಣ ಗಾಳಿ ಒಳಗೆ ಬರಬೇಕು. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಅದೇ ಒದ್ದೆ ಗಾಳಿ ಸುತ್ತುತ್ತದೆ, ಕಲಬುರಗಿಯ ಕೋಣೆಯೇ ಮಂಗಳೂರಾಗುತ್ತದೆ. ಕೂಲರ್ ಒಂದು ಕಿಟಕಿಗೆ, ಎದುರು ಗೋಡೆಯ ಕಿಟಕಿ ತೆರೆದಿರಲಿ.

ಎಸಿ ಕಡೆ, ಚುಟುಕಾಗಿ

ಇಲ್ಲಿ ಎಲ್ಲ ತಿರುಗುಮುರುಗು. ಕೂಲರ್ ನೀರು ಕುಡಿಯುತ್ತದೆ, ಎಸಿ ಡ್ರೈನ್ ಪೈಪಿನಲ್ಲಿ ನೀರು ಬಿಡುತ್ತದೆ. ಹೊರಗೆ ತೊಟ್ಟಿಕ್ಕಿದ ಪ್ರತಿ ಲೀಟರೂ ಅದೇ 0.67 ಯೂನಿಟ್ ಲೇಟೆಂಟ್ ಕೂಲಿಂಗ್, ಅಂದರೆ ಆವಿಯನ್ನು ನೀರಾಗಿಸಲು ಹೋದದ್ದು, ಥರ್ಮಾಮೀಟರಿಗೆ ಕಾಣದ್ದು. ಕರಾವಳಿಯಲ್ಲಿ ಎಸಿಗೆ ಕೆಲಸ ಜಾಸ್ತಿ ಬೀಳುವುದಕ್ಕೆ ಇದೂ ಒಂದು ಕಾರಣ. ಕಿಟಕಿ ತೆರೆದರೆ ಹೊರಗಿನ ತೇವವನ್ನೂ ಹಿಂಡಬೇಕು, ಅದಕ್ಕೇ ಮುಚ್ಚುತ್ತೇವೆ.

ಮುಚ್ಚಿದ್ದಕ್ಕೆ ಬೆಲೆಯೂ ಇದೆ. ಮಾಮೂಲಿ ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಒಳಗಿನದ್ದನ್ನೇ ತಿರುಗಿಸುತ್ತದೆ. ಹೊರಗೆ 420 ಪಿಪಿಎಂ ಸುಮಾರು ಇರುವ ಕಾರ್ಬನ್ ಡೈಆಕ್ಸೈಡ್, ಇಬ್ಬರು ಮಲಗಿದ ಮುಚ್ಚಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ 1,000 ದಾಟುವುದು ಮಾಮೂಲು. ಒಳಗಿನ ಬಾಗಿಲು ಸ್ವಲ್ಪ ಓರೆ ಮಾಡಿದರೂ ವ್ಯತ್ಯಾಸ ಆಗುತ್ತದೆ. ಪರೀಕ್ಷೆಗೆ ಇನ್ನೆರಡು: ಸ್ಟಾರ್ ಲೇಬಲ್‌ನ ವಾರ್ಷಿಕ ಯೂನಿಟ್ ಅಂಕಿ ವರ್ಷಕ್ಕೆ 1,600 ಗಂಟೆ ಬಳಕೆಯದು. ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳಿಗೆ 24 ಡಿಗ್ರಿ ಡಿಫಾಲ್ಟ್ ಕಡ್ಡಾಯವಾದದ್ದು 2020ರ ಜನವರಿ 1ರಿಂದ.

ಅಭ್ಯಾಸಕ್ಕೆ

ಬೆಂಗಳೂರಿನಲ್ಲಿ ಒಂದು ಮಧ್ಯಾಹ್ನ 35 ಡಿಗ್ರಿ, 30%, ಡಬ್ಲ್ಯೂಬಿಟಿ 21.6. ಮಳೆ ಬಂದು ನಿಂತ ಮಾರನೇ ದಿನ 28 ಡಿಗ್ರಿ, 70%, ಡಬ್ಲ್ಯೂಬಿಟಿ 23.7. ಅದೇ 80% ಪ್ಯಾಡ್. ಯಾವ ದಿನ ಕೂಲರ್ ಹಾಕುತ್ತೀರಿ?

ಉತ್ತರ: ಮೊದಲ ದಿನ 24.3, ಎರಡನೇ ದಿನ 24.6. ಥರ್ಮಾಮೀಟರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲ ದಿನ ಹೊರಬರುವ ಗಾಳಿಯ ತೇವಾಂಶ ಸುಮಾರು 80%, ಎರಡನೇ ದಿನ 93%. ಮೊದಲ ದಿನ ಕೂಲರ್, ಎರಡನೇ ದಿನ ಕಿಟಕಿ ತೆಗೆದು ಫ್ಯಾನ್.